ಬಿಡಬೇಕಾದ ಪುಟ ಯಾವುದು? ವರ್ಚುವಲ್ ಮಷಿನ್‌ಗಳ ನಡುವಿನ ಮೆಮೊರಿ ಹಂಚಿಕೆ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಹೈಪರ್‌ವೈಸರ್‌ನ ಸ್ವಂತ ಖರ್ಚು ಕಳೆದು 24 ಜಿಬಿ ಮೆಮೊರಿ ಉಳಿದಿರುವ ಒಂದು ಸರ್ವರ್ ಇದೆ ಎನ್ನೋಣ. ಅದರ ಮೇಲೆ ಎರಡು ವರ್ಚುವಲ್ ಮಷಿನ್‌ಗಳನ್ನು (ಮುಂದೆ ವಿಎಂ ಎನ್ನುತ್ತೇನೆ) ಕೂರಿಸಿ, ಒಂದೊಂದಕ್ಕೂ ‘ನಿನಗೆ 20 ಜಿಬಿ ಇದೆ’ ಎಂದು ಹೇಳಿದ್ದೇವೆ. ಕೈಯಲ್ಲಿರುವುದು 24, ಮಾತು ಕೊಟ್ಟಿರುವುದು 40. ಇದನ್ನು ಮೋಸವೆಂದು ಯಾರೂ ಕರೆಯುವುದಿಲ್ಲ, ಏಕೆಂದರೆ ಎರಡೂ ವಿಎಂಗಳು ಒಂದೇ ಗಳಿಗೆಯಲ್ಲಿ ತಮ್ಮ 20 ಜಿಬಿಯನ್ನು ಪೂರ್ತಿ ಕೇಳುವುದು ಅಪರೂಪ. ಒಂದು ಹಗಲಲ್ಲಿ ದುಡಿದರೆ ಇನ್ನೊಂದು ರಾತ್ರಿ ಬ್ಯಾಕಪ್ ಹೊತ್ತಿಗೆ ಏಳುತ್ತದೆ. ಬೇಡಿಕೆ ಏರಿಳಿದಂತೆ ಮೆಮೊರಿಯನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಕೊಡುತ್ತಿದ್ದರೆ ಇಬ್ಬರ ಸಂಸಾರವೂ ನಡೆಯುತ್ತದೆ.

ಕಷ್ಟವಿರುವುದು ಮರಳಿ ಪಡೆಯುವುದರಲ್ಲಿ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಆಪರೇಟಿಂಗ್ ಸಿಸ್ಟಂಗಳ ವಿಷಯದಲ್ಲಿ ಅಕ್ಷರಶಃ ನಿಜ. ತನಗೆ ಸಿಕ್ಕ ಮೆಮೊರಿಯನ್ನು ಸುಮ್ಮನೆ ಖಾಲಿ ಬಿಡುವ ಸ್ವಭಾವ ಅವುಗಳಿಗಿಲ್ಲ. ಲಿನಕ್ಸ್ ಒಂದು ಕಡತವನ್ನು ಡಿಸ್ಕಿನಿಂದ ಓದಿದರೆ ಅದರ ಪ್ರತಿಯನ್ನು ಮತ್ತೆ ಬೇಕಾದೀತೆಂದು ಕ್ಯಾಶ್‌ನಲ್ಲಿ ಉಳಿಸಿಕೊಳ್ಳುತ್ತದೆ. ವಿಎಂ ಒಳಗೆ ಕೂತು ‘ಫ್ರೀ’ ಆದೇಶ ಕೊಟ್ಟವರಿಗೆ ಇದು ಗೊತ್ತು: ಖಾಲಿ ಎಂಬ ಕಾಲಮ್ಮಿನಲ್ಲಿ ಪುಡಿಗಾಸು, ಬಫರ್ ಮತ್ತು ಕ್ಯಾಶ್ ಕಾಲಮ್ಮಿನಲ್ಲಿ ದೊಡ್ಡ ಮೊತ್ತ, ಕೊನೆಯಲ್ಲಿ ‘ಬೇಕಾದರೆ ಇಷ್ಟು ಬಿಡಿಸಿಕೊಡಬಲ್ಲೆ’ ಎಂದು ಹೇಳುವ ಇನ್ನೊಂದು ಅಂಕಿ. ಈ ಮೂರರ ನಡುವಿನ ವ್ಯತ್ಯಾಸ ವಿಎಂ ಒಳಗೆ ಓಡುವ ಆಪರೇಟಿಂಗ್ ಸಿಸ್ಟಂನ, ಅಂದರೆ ಗೆಸ್ಟ್‌ನ, ಕರ್ನಲ್‌ಗೆ ಮಾತ್ರ ತಿಳಿದಿದೆ. ಹೊರಗಿನ ಹೈಪರ್‌ವೈಸರ್‌ಗೆ ಕಾಣುವುದು ಒಮ್ಮೆ ಮುಟ್ಟಿದ, ಆದ್ದರಿಂದ ಕೊಡಲೇಬೇಕಾಗಿ ಬಂದ 4 ಕೆಬಿ ಪುಟಗಳ ಒಂದು ರಾಶಿ.

ಮೆಮೊರಿಯ ಒಡೆತನ ಒಬ್ಬರಲ್ಲಿದೆ, ಅದರ ಅರ್ಥ ಇನ್ನೊಬ್ಬರಲ್ಲಿದೆ. ಈ ಕ್ಷೇತ್ರದ ತಂತ್ರಗಳನ್ನು ಸಾಮಾನ್ಯವಾಗಿ ವೇಗ ಮತ್ತು ಉಳಿತಾಯದ ದೃಷ್ಟಿಯಿಂದ ವರ್ಗೀಕರಿಸುತ್ತಾರೆ. ಅವುಗಳನ್ನು ಇನ್ನೊಂದು ಪ್ರಶ್ನೆಯಿಂದ ಜೋಡಿಸಿದರೆ ಹೆಚ್ಚು ಸ್ಪಷ್ಟವಾಗುತ್ತವೆ ಎಂಬುದು ಈ ಟಿಪ್ಪಣಿಯ ವಾದ. ಬಿಡಬೇಕಾದ ಪುಟವನ್ನು ಯಾರು ಆರಿಸುತ್ತಾರೆ, ಆರಿಸುವವರಿಗೆ ಆ ಪುಟದ ಬಗ್ಗೆ ಎಷ್ಟು ಗೊತ್ತು?

2. ಹಳೆಯ ತೊಡಕು

ಪ್ರಶ್ನೆ ಕ್ಲೌಡ್ ಕಾಲದ್ದಲ್ಲ. ಐಬಿಎಂನ ಕೇಂಬ್ರಿಡ್ಜ್ ಸೈಂಟಿಫಿಕ್ ಸೆಂಟರ್‌ನಲ್ಲಿ 1960ರ ದಶಕದಲ್ಲಿ ರೂಪುಗೊಂಡ ಸಿಪಿ-40, ಸಿಪಿ-67 ವ್ಯವಸ್ಥೆಗಳು ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸಿದವು. 1972ರಲ್ಲಿ ಐಬಿಎಂ ಪ್ರಕಟಿಸಿದ ವಿಎಂ/370 ಆ ಮನೆತನದ್ದೇ. 1968ರಲ್ಲಿ ಪೀಟರ್ ಡೆನಿಂಗ್ ‘ವರ್ಕಿಂಗ್ ಸೆಟ್’ ಎಂಬ ಪರಿಕಲ್ಪನೆ ಮಂಡಿಸಿದ್ದರು. ಒಂದು ಪ್ರೋಗ್ರಾಂ ಇತ್ತೀಚಿನ ಒಂದು ಕಾಲಾವಧಿಯಲ್ಲಿ ಮುಟ್ಟಿದ ಪುಟಗಳ ಗುಂಪೇ ಅದರ ವರ್ಕಿಂಗ್ ಸೆಟ್; ಅಷ್ಟಕ್ಕೆ ಜಾಗ ಸಿಗದಿದ್ದರೆ ಪ್ರೋಗ್ರಾಂ ಕೆಲಸಕ್ಕಿಂತ ಹೆಚ್ಚು ಹೊತ್ತನ್ನು ಪುಟ ತರಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ಆ ಒದ್ದಾಟಕ್ಕೆ ಥ್ರ್ಯಾಷಿಂಗ್ ಎಂಬ ಹೆಸರು ಉಳಿಯಿತು.

ಒಂದೇ ಆಪರೇಟಿಂಗ್ ಸಿಸ್ಟಂ ಇದ್ದಾಗ ಈ ಲೆಕ್ಕ ಒಂದೇ ಕೈಯಲ್ಲಿರುತ್ತದೆ. ವರ್ಚುವಲೈಸೇಶನ್ ಬಂದಾಗ ಕೈಗಳು ಎರಡಾದವು. ಒಳಗಿನ ಗೆಸ್ಟ್ ತನ್ನ ಪುಟಗಳನ್ನು ತನ್ನ ಡಿಸ್ಕಿಗೆ ಸಾಗಿಸುತ್ತದೆ, ಹೊರಗಿನ ಹೋಸ್ಟ್, ಅಂದರೆ ಹೈಪರ್‌ವೈಸರ್, ತನ್ನ ಪುಟಗಳನ್ನು ತನ್ನ ಡಿಸ್ಕಿಗೆ ಸಾಗಿಸುತ್ತದೆ, ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣದು. ಇದರ ಫಲವನ್ನು ಗೋಲ್ಡ್‌ಬರ್ಗ್ ಮತ್ತು ಹ್ಯಾಸಿಂಗರ್ 1974ರಲ್ಲಿ ‘ಡಬಲ್ ಪೇಜಿಂಗ್’ ವೈಪರೀತ್ಯವೆಂದು ವಿಶ್ಲೇಷಿಸಿದರು.

ಅದನ್ನು ಒಂದು ಪುಟದ ಮಟ್ಟದಲ್ಲಿ ನೋಡೋಣ. ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟವೊಂದನ್ನು ಹೋಸ್ಟ್ ಡಿಸ್ಕಿಗೆ ಎತ್ತಿಹಾಕಿತು. ಸ್ವಲ್ಪ ಹೊತ್ತಿಗೆ ಗೆಸ್ಟ್‌ಗೂ ಜಾಗದ ಇಕ್ಕಟ್ಟು ಬಂತು. ಅದೂ ತನ್ನ ಲೆಕ್ಕದಲ್ಲಿ ಬಹಳ ಹೊತ್ತಿನಿಂದ ಮುಟ್ಟದ ಪುಟವನ್ನೇ ಹುಡುಕುತ್ತದೆ, ಸಹಜವಾಗಿಯೇ ಅದೇ ಪುಟ ಸಿಗುತ್ತದೆ. ಅದನ್ನು ತನ್ನ ವರ್ಚುವಲ್ ಡಿಸ್ಕಿಗೆ ಬರೆಯಲು ಹೊರಡುತ್ತದೆ. ಬರೆಯಬೇಕಾದರೆ ಓದಬೇಕು, ಓದಬೇಕಾದರೆ ಪುಟ ಮೆಮೊರಿಯಲ್ಲಿರಬೇಕು. ಹೋಸ್ಟ್ ಅದನ್ನು ತನ್ನ ಡಿಸ್ಕಿನಿಂದ ಮೇಲೆತ್ತಿ ತರುತ್ತದೆ, ಗೆಸ್ಟ್ ಅದನ್ನು ತನ್ನ ಡಿಸ್ಕಿಗೆ ಬರೆದು ಕೈಬಿಡುತ್ತದೆ. ಯಾರಿಗೂ ಬೇಡದ ಪುಟಕ್ಕೆ ಒಂದು ಹೆಚ್ಚಿನ ಓದು, ಒಂದು ಹೆಚ್ಚಿನ ಬರಹ. ಇಲ್ಲಿ ಹೋಸ್ಟ್ ದಡ್ಡತನ ಮಾಡಿದ್ದಲ್ಲ. ಎರಡೂ ಕಡೆಯವರು ಒಂದೇ ಒಳ್ಳೆಯ ನಿಯಮವನ್ನು ಪಾಲಿಸಿದ್ದರಿಂದಲೇ ಡಿಕ್ಕಿಯಾಯಿತು.

ಐಬಿಎಂ ಆಗಲೇ ಒಂದು ದಾರಿ ಹುಡುಕಿತ್ತು. ಓಎಸ್/ವಿಎಸ್1 ಎಂಬ ಗೆಸ್ಟ್, ವಿಎಂ/370 ಮೇಲೆ ಓಡುವಾಗ ‘ಹ್ಯಾಂಡ್‌ಶೇಕಿಂಗ್’ ಎಂಬ ಒಪ್ಪಂದಕ್ಕೆ ಬರುತ್ತಿತ್ತು. ತನ್ನ ಪೇಜಿಂಗ್ ಕೆಲಸವನ್ನು ಕೈಬಿಟ್ಟು ಹೋಸ್ಟ್‌ಗೇ ವಹಿಸುತ್ತಿತ್ತು. ಹೋಸ್ಟ್ ಒಂದು ಪುಟ ತರಿಸುವಾಗ ಗೆಸ್ಟ್‌ಗೆ ಸುದ್ದಿ ಕೊಡುತ್ತಿತ್ತು, ಗೆಸ್ಟ್ ಅಷ್ಟರಲ್ಲಿ ಬೇರೆ ಕೆಲಸ ನೋಡಿಕೊಳ್ಳುತ್ತಿತ್ತು. ಇಬ್ಬರೂ ಒಂದೇ ಕಂಪನಿಯ ಸರಕಾದ್ದರಿಂದ ಈ ಮಾತುಕತೆ ಸಾಧ್ಯವಾಯಿತು.

1997ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಿಸ್ಕೋ ಯೋಜನೆ, 1998ರಲ್ಲಿ ಅದರ ಸಂಶೋಧಕರು ಸೇರಿ ಕಟ್ಟಿದ ವಿಎಂವೇರ್, ಇವೆರಡರ ಮೂಲಕ ಈ ತಂತ್ರಜ್ಞಾನ ಅಗ್ಗದ ಯಂತ್ರಗಳಿಗೆ ಇಳಿದಾಗ ಆ ಅನುಕೂಲ ಇಲ್ಲವಾಗಿತ್ತು. ಗೆಸ್ಟ್ ವಿಂಡೋಸ್ ಆಗಿರಬಹುದು, ಅದರ ಕರ್ನಲ್ ತಿದ್ದುವ ಹಕ್ಕು ಹೈಪರ್‌ವೈಸರ್ ಬರೆದವರಿಗೆ ಇರಲಿಲ್ಲ. ತಿದ್ದಲಾಗದ ಗೆಸ್ಟ್‌ನಿಂದ ಅದರ ಅರಿವನ್ನು ಹೊರತೆಗೆಯುವುದು ಹೇಗೆ ಎಂಬುದು ಹೊಸ ರೂಪದ ಪ್ರಶ್ನೆ. ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರ ಓಎಸ್‌ಡಿಐ ಸಮ್ಮೇಳನದಲ್ಲಿ ಮಂಡಿಸಿದ, ವಿಎಂವೇರ್‌ನ ಹೈಪರ್‌ವೈಸರ್ ಆದ ಇಎಸ್‌ಎಕ್ಸ್ ಸರ್ವರ್‌ನ ಮೆಮೊರಿ ನಿರ್ವಹಣೆ ಕುರಿತ ಪ್ರಬಂಧ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಈ ಕ್ಷೇತ್ರದ ತಳಹದಿ.

3. ಬಲೂನಿನೊಳಗೆ ಒಂದು ಪುಟ

ಆ ಉತ್ತರದ ಹೆಸರು ಬಲೂನ್. ಗೆಸ್ಟ್ ಒಳಗೆ ಒಂದು ಸಾಧಾರಣ ಡ್ರೈವರ್ ಕೂರುತ್ತದೆ. ಕರ್ನಲ್ ತಿದ್ದಬೇಕಿಲ್ಲ; ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ಹಾಕಿದಂತೆ ಇದನ್ನೂ ಹಾಕಬಹುದು.

ಹೋಸ್ಟ್‌ಗೆ ಮೆಮೊರಿ ಬೇಕಾದಾಗ ಅದು ಈ ಡ್ರೈವರ್‌ಗೆ ಒಂದು ಗುರಿ ಕೊಡುತ್ತದೆ. ಡ್ರೈವರ್ ತನ್ನ ಕರ್ನಲ್ ಬಳಿ ಹೋಗಿ ‘ನನಗೆ ಒಂದು ಪುಟ ಬೇಕು’ ಎಂದು ಎಲ್ಲ ಡ್ರೈವರ್‌ಗಳಂತೆ ಕೇಳುತ್ತದೆ. ಕರ್ನಲ್ ಮೊದಲು ತನ್ನ ಖಾಲಿ ಪಟ್ಟಿ ನೋಡುತ್ತದೆ. ಅಲ್ಲಿಲ್ಲದಿದ್ದರೆ ಡಿಸ್ಕಿನಲ್ಲಿ ಮೂಲ ಪ್ರತಿ ಇರುವ ಕ್ಯಾಶ್ ಪುಟವೊಂದನ್ನು ಬಿಡುತ್ತದೆ. ಅದೂ ಸಾಲದಿದ್ದರೆ ಡಿಸ್ಕಿನಲ್ಲಿರುವ ತನ್ನ ಸ್ವಾಪ್ ಜಾಗಕ್ಕೆ ಒಂದನ್ನು ಸಾಗಿಸುತ್ತದೆ. ಹೀಗೆ ಸಿಕ್ಕ ಪುಟವನ್ನು ಡ್ರೈವರ್ ಅಲುಗಾಡದಂತೆ ಹಿಡಿದುಕೊಂಡು ಅದರ ಸಂಖ್ಯೆಯನ್ನು ಹೋಸ್ಟ್‌ಗೆ ತಿಳಿಸುತ್ತದೆ. ಆ ಸಂಖ್ಯೆಯ ಹಿಂದಿದ್ದ ನಿಜವಾದ ಮೆಮೊರಿಯನ್ನು ಹೋಸ್ಟ್ ಕಳಚಿ ಇನ್ನೊಂದು ವಿಎಂಗೆ ಕೊಡುತ್ತದೆ. ಡ್ರೈವರ್ ಆ ಪುಟವನ್ನು ಓದುವುದೂ ಇಲ್ಲ, ಬರೆಯುವುದೂ ಇಲ್ಲ, ಆದ್ದರಿಂದ ಹಿಂದೆ ಏನೂ ಇಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಗೆಸ್ಟ್‌ನ ಹೊಟ್ಟೆಯೊಳಗೆ ಗಾಳಿ ತುಂಬಿದ ಒಂದು ಚೆಂಡು ಉಬ್ಬಿದೆ, ಉಳಿದ ಜಾಗದಲ್ಲಿ ಗೆಸ್ಟ್ ಹೊಂದಿಸಿಕೊಂಡಿದೆ. ಮರಳಿ ಕೊಡುವಾಗ ಡ್ರೈವರ್ ಹಿಡಿತ ಬಿಡುತ್ತದೆ, ಚೆಂಡು ಇಳಿಯುತ್ತದೆ.

ಎಷ್ಟು ಪುಟ ಬೇಕೆಂದು ಹೇಳಿದ್ದು ಹೋಸ್ಟ್, ಯಾವ ಪುಟ ಎಂದು ನಿರ್ಧರಿಸಿದ್ದು ಗೆಸ್ಟ್. ಯಾರಿಗೆ ಯಾವ ವಿಷಯ ಗೊತ್ತೋ ಅವರು ಅದನ್ನಷ್ಟೇ ನಿರ್ಧರಿಸಿದರು. ಗೆಸ್ಟ್ ತನ್ನ ಒಳಗುಟ್ಟನ್ನು ಬಾಯಿಬಿಟ್ಟು ಹೇಳಲಿಲ್ಲ, ತಾನು ಆರಿಸಿದ ಪುಟದ ಮೂಲಕ ಹೇಳಿತು.

ಈ ವಿಧಾನದ ವೆಚ್ಚವನ್ನೂ ಆ ಪ್ರಬಂಧ ಅಳೆದಿದೆ. 256 ಎಂಬಿಯ ಲಿನಕ್ಸ್ ವಿಎಂ ಒಂದನ್ನು ಬಲೂನಿನಿಂದ ಕುಗ್ಗಿಸಿ, ಮೊದಲಿನಿಂದಲೇ ಅಷ್ಟು ಸಣ್ಣದಾಗಿ ರಚಿಸಿದ ವಿಎಂ ಜೊತೆ ಹೋಲಿಸಿದಾಗ, ಡಿಬೆಂಚ್ ಪರೀಕ್ಷೆಯಲ್ಲಿ ಕುಗ್ಗಿದ ವಿಎಂ ಶೇ. 1.4ರಿಂದ ಶೇ. 4.4ರಷ್ಟು ಮಾತ್ರ ಹಿಂದಿತ್ತು. ಆ ಅಲ್ಪ ಅಂತರಕ್ಕೂ ಕಾರಣವಿದೆ: ಕರ್ನಲ್ ಬೂಟ್ ಆಗುವಾಗ ‘ನನಗೆ 256 ಎಂಬಿ ಇದೆ’ ಎಂಬ ನಂಬಿಕೆಯ ಮೇಲೆ ತನ್ನ ಕೋಷ್ಟಕಗಳನ್ನು ಹಿಗ್ಗಿಸಿಕೊಂಡಿರುತ್ತದೆ. ಹಾಸಿಗೆ ಆಮೇಲೆ ಚಿಕ್ಕದಾದರೂ ಆಗಲೇ ಚಾಚಿದ ಕಾಲನ್ನು ಅದು ಮಡಚುವುದಿಲ್ಲ.

4. ಯಾರಿಂದ ಕೀಳಬೇಕು: ಒಂದು ಲೆಕ್ಕ

ಯಾವ ಪುಟ ಎಂಬುದು ಗೆಸ್ಟ್‌ಗೆ ಬಿಟ್ಟದ್ದಾಯಿತು. ಯಾವ ಗೆಸ್ಟ್‌ನಿಂದ, ಎಷ್ಟು ಎಂಬುದು ಉಳಿದಿದೆ. ಇದು ನ್ಯಾಯದ ಪ್ರಶ್ನೆ.

ಇಎಸ್‌ಎಕ್ಸ್‌ನಲ್ಲಿ ಪ್ರತಿ ವಿಎಂಗೂ ಷೇರುಗಳಿವೆ. ಒಂದು ಪುಟಕ್ಕೆ ಯಾರು ಅತಿ ಕಡಿಮೆ ಷೇರು ತೆರುತ್ತಿದ್ದಾರೋ ಅವರಿಂದ ಪುಟ ಕೀಳಬೇಕು ಎಂಬುದು ಮೂಲ ನಿಯಮ. ಷೇರು ಸಮಾನವಾಗಿದ್ದರೆ ಮೆಮೊರಿಯೂ ಸಮಾನ. ಆದರೆ ಒಂದು ವಿಎಂ ತನ್ನ ಪಾಲನ್ನು ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದರೆ? ಅದಕ್ಕಾಗಿ ವಾಲ್ಡ್‌ಸ್ಪರ್ಗರ್ ನಿಷ್ಕ್ರಿಯ ಮೆಮೊರಿಗೆ ತೆರಿಗೆ ಹಾಕಿದರು. ಕನ್ನಡದಲ್ಲಿ ಇದನ್ನು ‘ಬೀಳು ತೆರಿಗೆ’ ಎನ್ನಬಹುದು. ಬಳಕೆಯಲ್ಲಿರುವ ಪುಟಕ್ಕೆ ಬೆಲೆ 1. ಬೀಳು ಬಿಟ್ಟ ಪುಟಕ್ಕೆ ಬೆಲೆ, ಒಂದನ್ನು ‘1 ಕಳೆ ತೆರಿಗೆ ದರ’ದಿಂದ ಭಾಗಿಸಿದಷ್ಟು. ಪೂರ್ವನಿಗದಿತ ದರ ಶೇ. 75, ಆದ್ದರಿಂದ ಬೀಳು ಪುಟದ ಬೆಲೆ 4.

ಮೊದಲು ಹೇಳಿದ 24 ಜಿಬಿ ಸರ್ವರ್‌ಗೆ ಇದನ್ನು ಅನ್ವಯಿಸೋಣ. ವಿಎಂ ‘ಅ’ ಮತ್ತು ವಿಎಂ ‘ಆ’ ಸಮಾನ ಷೇರಿನವು, ಸದ್ಯ ತಲಾ 12 ಜಿಬಿ ಹಿಡಿದಿವೆ. ‘ಅ’ದಲ್ಲಿ 10.8 ಜಿಬಿ ಬಳಕೆಯಲ್ಲಿದೆ, 1.2 ಬೀಳು. ‘ಆ’ದಲ್ಲಿ 2.4 ಬಳಕೆಯಲ್ಲಿದೆ, 9.6 ಬೀಳು. ‘ಅ’ ತೆರುವ ಲೆಕ್ಕ 10.8 ಮತ್ತು 4.8 ಸೇರಿ 15.6. ‘ಆ’ದ್ದು 2.4 ಮತ್ತು 38.4 ಸೇರಿ 40.8. ಸಮಾನ ಷೇರಿನಲ್ಲಿ ‘ಆ’ ಇಷ್ಟೊಂದು ಹೊರೆ ಹೊತ್ತಿರುವುದರಿಂದ ಅದರ ಪ್ರತಿ ಪುಟದ ಷೇರು ತೆಳುವಾಗಿದೆ, ಕೀಳಬೇಕಾದ್ದು ಅದರಿಂದಲೇ. ಒಂದು ಜಿಬಿ ಸರಿದು ‘ಅ’ದಲ್ಲಿ ಬಳಕೆಗೆ ಬಂದರೆ ‘ಆ’ದ ಲೆಕ್ಕ 4 ಇಳಿಯುತ್ತದೆ, ‘ಅ’ದ ಲೆಕ್ಕ 1 ಏರುತ್ತದೆ. ಎರಡೂ ಸಮವಾಗುವುದು 5.04 ಜಿಬಿ ಸರಿದಾಗ: ‘ಅ’ಗೆ 17.04, ‘ಆ’ಗೆ 6.96, ಇಬ್ಬರ ಲೆಕ್ಕವೂ 20.64.

ಈ ಲೆಕ್ಕ ಮುಗಿದ ಮೇಲೂ ‘ಆ’ದ ಕೈಯಲ್ಲಿ 4.56 ಜಿಬಿ ಬೀಳು ಉಳಿದಿದೆ ಎಂಬುದು ಕುತೂಹಲದ ವಿಷಯ. ತೆರಿಗೆ ಸೊನ್ನೆಯಾಗಿದ್ದರೆ ಪಹಣಿಯಲ್ಲಿ ಹೆಸರಿದ್ದವನದೇ ಹೊಲ, ಉತ್ತರೂ ಬಿಟ್ಟರೂ. ತೆರಿಗೆ ನೂರಕ್ಕೆ ಸಮೀಪಿಸಿದರೆ, 1974ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯ ಘೋಷಣೆಯಂತೆ, ಉಳುವವನೇ ಹೊಲದೊಡೆಯ. ಶೇ. 75 ಇವೆರಡರ ನಡುವಿನ ರಾಜಿ. ಬೀಳಿನ ಬಹುಪಾಲನ್ನು ಉಳುವವನಿಗೆ ಕೊಟ್ಟು, ನಾಳೆ ಒಡೆಯ ನೇಗಿಲು ಹಿಡಿದು ಬಂದರೆ ಥಟ್ಟನೆ ಶುರುಮಾಡಲು ಒಂದು ತುಂಡು ಉಳಿಸುತ್ತದೆ. ಪ್ರಬಂಧದ ಪ್ರಯೋಗದಲ್ಲಿ ಸಮಾನ ಷೇರಿನ ಎರಡು ವಿಎಂಗಳ ಪೈಕಿ ಒಂದು ಸುಮ್ಮನಿದ್ದ ವಿಂಡೋಸ್, ಇನ್ನೊಂದು ಡಿಬೆಂಚ್ ಓಡಿಸುತ್ತಿದ್ದ ಲಿನಕ್ಸ್. ತೆರಿಗೆಯನ್ನು ಸೊನ್ನೆಯಿಂದ ಶೇ. 75ಕ್ಕೆ ಏರಿಸಿದಾಗ ಡಿಬೆಂಚ್‌ನ ಗತಿ ಶೇ. 30ಕ್ಕೂ ಹೆಚ್ಚು ಸುಧಾರಿಸಿತು.

5. ‘ಬಳಕೆ’ಯನ್ನು ಅಳೆಯುವುದು

ಮೇಲಿನ ಲೆಕ್ಕ ನಿಂತಿರುವುದು ‘ಬಳಕೆಯಲ್ಲಿ 2.4 ಜಿಬಿ’ ಎಂಬ ಅಂಕಿಯ ಮೇಲೆ. ಅದನ್ನು ಹೋಸ್ಟ್ ತಿಳಿದದ್ದು ಹೇಗೆ? ಎಲ್ಲ ಪುಟಗಳನ್ನೂ ಕಾಯುವುದು ದುಬಾರಿ. ಆದ್ದರಿಂದ 2002ರ ವಿನ್ಯಾಸದಲ್ಲಿ ಇಎಸ್‌ಎಕ್ಸ್ ಅನ್ನದ ಅಗುಳು ಒತ್ತಿ ನೋಡುತ್ತದೆ. ಪ್ರತಿ 30 ಸೆಕೆಂಡಿಗೊಮ್ಮೆ ಒಂದು ವಿಎಂನ 100 ಪುಟಗಳನ್ನು ಚೀಟಿ ಎತ್ತಿದಂತೆ ಆರಿಸಿ ಅವುಗಳ ವಿಳಾಸ ನಂಟನ್ನು ಕಡಿದು ಹಾಕುತ್ತದೆ. ಗೆಸ್ಟ್ ಅವುಗಳಲ್ಲಿ ಯಾವುದನ್ನು ಮುಟ್ಟಿದರೂ ಒಂದು ಫಾಲ್ಟ್ ಏಳುತ್ತದೆ, ಹೋಸ್ಟ್ ಒಂದು ಗೀಟು ಹಾಕಿ ನಂಟನ್ನು ಮತ್ತೆ ಜೋಡಿಸುತ್ತದೆ. ನೂರರಲ್ಲಿ 20 ಗೀಟು ಬಿದ್ದರೆ ಬಳಕೆ ಶೇ. 20. ವಿಎಂ ಎಷ್ಟೇ ದೊಡ್ಡದಿರಲಿ, ಅರ್ಧ ನಿಮಿಷಕ್ಕೆ ಹೆಚ್ಚೆಂದರೆ 100 ಫಾಲ್ಟ್‌ಗಳ ಖರ್ಚು.

ಈ ಅಗ್ಗದ ಅಳತೆಯ ದೋಷವನ್ನು ನಾವೇ ಕಟ್ಟಿ ನೋಡಬಹುದು. 100 ಮಾದರಿಗಳಲ್ಲಿ ನಿಜವಾದ ಪ್ರಮಾಣ 0.2 ಆಗಿದ್ದರೆ ಪ್ರಮಾಣ ದೋಷ, 0.2 ಮತ್ತು 0.8ರ ಗುಣಲಬ್ಧವನ್ನು 100ರಿಂದ ಭಾಗಿಸಿ ವರ್ಗಮೂಲ ತೆಗೆದಷ್ಟು, ಅಂದರೆ 0.04. 12 ಜಿಬಿ ವಿಎಂನಲ್ಲಿ ಇದು ಸುಮಾರು ಅರ್ಧ ಜಿಬಿ ಆಚೀಚೆ. ಹಂಚಿಕೆಯ ನಿರ್ಧಾರಕ್ಕೆ ಇಷ್ಟು ಸಾಕು. ಒಂದೇ ಸುತ್ತಿನ ಅಂಕಿಯನ್ನು ನಂಬದಿರಲು ಇನ್ನೊಂದು ಜಾಣ್ಮೆಯಿದೆ: ನಿಧಾನವಾಗಿ ಬದಲಾಗುವ ಒಂದು ಸರಾಸರಿ, ಬೇಗ ಬದಲಾಗುವ ಇನ್ನೊಂದು, ಈಗಿನ ಸುತ್ತಿನ ಗೀಟುಗಳನ್ನೂ ಸೇರಿಸಿಕೊಂಡ ಮೂರನೆಯದು. ಮೂರರಲ್ಲಿ ಯಾವುದು ದೊಡ್ಡದೋ ಅದೇ ಲೆಕ್ಕಕ್ಕೆ. ಹಾಗಾಗಿ ವಿಎಂ ಎದ್ದದ್ದು ಬೇಗ ತಿಳಿಯುತ್ತದೆ, ಮಲಗಿದ್ದು ನಿಧಾನವಾಗಿ ತಿಳಿಯುತ್ತದೆ. ತಪ್ಪುವುದಾದರೆ ಗೆಸ್ಟ್‌ನ ಪರವಾಗಿ ತಪ್ಪಲಿ ಎಂಬ ನಿಲುವು ಇದು.

ಸಂಖ್ಯಾಶಾಸ್ತ್ರದ ದೋಷಕ್ಕಿಂತ ಅರ್ಥದ ದೋಷ ದೊಡ್ಡದು. ‘ಮುಟ್ಟಿದ’ ಎಂಬುದಕ್ಕೂ ‘ಬೇಕಾದ’ ಎಂಬುದಕ್ಕೂ ವ್ಯತ್ಯಾಸವಿದೆ. ದೊಡ್ಡ ಕಡತವನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆ ಓದುವ ಬ್ಯಾಕಪ್ ಸಾವಿರಾರು ಪುಟ ಮುಟ್ಟುತ್ತದೆ, ಒಂದನ್ನೂ ಎರಡನೇ ಸಲ ಕೇಳುವುದಿಲ್ಲ. ದಿನಕ್ಕೊಮ್ಮೆ ಬರುವ ಗಿರಾಕಿಗೆ ಉತ್ತರಿಸುವ ಡೇಟಾಬೇಸ್ ಸೂಚಿ ಅರ್ಧ ನಿಮಿಷದ ಕಿಟಕಿಯಲ್ಲಿ ಕಾಣಿಸುವುದೇ ಇಲ್ಲ, ಆದರೆ ಆ ಗಿರಾಕಿ ಬಂದಾಗ ಅದಿಲ್ಲದಿದ್ದರೆ ಎಲ್ಲ ನಿಂತೀತು. ಕೇಳಬೇಕಾದ ಸರಿಯಾದ ಪ್ರಶ್ನೆ: ಇನ್ನೊಂದು ಪುಟ ಕೊಟ್ಟರೆ ಎಷ್ಟು ಫಾಲ್ಟ್ ತಪ್ಪುತ್ತದೆ? ಐಬಿಎಂನಲ್ಲಿ ಮ್ಯಾಟ್ಸನ್ ಮತ್ತು ಸಂಗಡಿಗರು 1970ರಲ್ಲಿ ರೂಪಿಸಿದ ಸ್ಟ್ಯಾಕ್ ವಿಧಾನ ಇದಕ್ಕೆ ಉತ್ತರ ಕೊಡಬಲ್ಲದು: ಮೆಮೊರಿಯ ಪ್ರತಿ ಗಾತ್ರಕ್ಕೂ ಎಷ್ಟು ಸಲ ಪುಟ ತಪ್ಪುತ್ತದೆಂಬ ರೇಖೆಯನ್ನು ಒಂದೇ ಸುತ್ತಿನಲ್ಲಿ ಎಳೆಯುತ್ತದೆ. 2009ರಲ್ಲಿ ಝಾವೊ ಮತ್ತು ವಾಂಗ್ ಕ್ಸೆನ್ ಹೈಪರ್‌ವೈಸರ್ ಮೇಲೆ ಇಂಥ ರೇಖೆಗಳನ್ನು ವಿಎಂಗಳಿಗೆ ಎಳೆದು ಬಲೂನಿನ ಗುರಿಯನ್ನು ಅದರಂತೆ ನಿಗದಿಪಡಿಸಿ ತೋರಿಸಿದರು. ಬೆಲೆ ಮಾತ್ರ ಹೆಚ್ಚು, ಏಕೆಂದರೆ ಪುಟ ಮುಟ್ಟಿದ ಅನುಕ್ರಮವನ್ನು ಹಿಂಬಾಲಿಸಬೇಕು. ಅರಿವಿಗೂ ಖರ್ಚಿದೆ.

6. ಕೇಳದೆ ಕಿತ್ತುಕೊಂಡಾಗ

ಬಲೂನ್ ಕೆಲವೊಮ್ಮೆ ಸಾಲದು. ಗೆಸ್ಟ್ ಇನ್ನೂ ಬೂಟ್ ಆಗುತ್ತಿರಬಹುದು, ಡ್ರೈವರ್ ಹಾಕಿಲ್ಲದಿರಬಹುದು, ಬೇಡಿಕೆ ಬಲೂನ್ ಉಬ್ಬುವುದಕ್ಕಿಂತ ಬೇಗ ಬಂದಿರಬಹುದು. 2002ರ ವಿನ್ಯಾಸದಲ್ಲಿ ಹೋಸ್ಟ್‌ನ ಖಾಲಿ ಮೆಮೊರಿಗೆ ಶೇ. 6, 4, 2, 1 ಎಂಬ ನಾಲ್ಕು ಗುರುತುಗಳಿದ್ದವು. ಮೊದಲ ಗುರುತಿನ ಮೇಲೆ ನೆಮ್ಮದಿ. ಎರಡನೆಯದಕ್ಕೆ ಇಳಿದರೆ ಬಲೂನ್. ಮೂರನೆಯದರಲ್ಲಿ ಹೋಸ್ಟ್ ತಾನೇ ಪುಟಗಳನ್ನು ಸ್ವಾಪ್‌ಗೆ ಎಸೆಯುತ್ತದೆ. ನಾಲ್ಕನೆಯದರಲ್ಲಿ ಪಾಲು ಮೀರಿದ ವಿಎಂಗಳನ್ನು ಓಡದಂತೆ ತಡೆಯುತ್ತದೆ.

ಸ್ವಾಪ್‌ಗೆ ಎಸೆಯುವ ಪುಟವನ್ನು ಇಎಸ್‌ಎಕ್ಸ್ ಯಾವ ನಿಯಮದಿಂದ ಆರಿಸಿತು? ಯಾದೃಚ್ಛಿಕವಾಗಿ. ನುರಿತ ವಿನ್ಯಾಸಕಾರರು ಬೇಕೆಂದೇ ಚೀಟಿ ಎತ್ತುವ ದಾರಿ ಹಿಡಿದದ್ದು ಮೊದಲಿಗೆ ವಿಚಿತ್ರವೆನಿಸುತ್ತದೆ. ಡಬಲ್ ಪೇಜಿಂಗ್‌ನ ಪುಟವನ್ನು ನೆನೆದರೆ ಕಾರಣ ತಿಳಿಯುತ್ತದೆ. ಹೋಸ್ಟ್ ಜಾಣನಾಗಿ ‘ಬಹಳ ಹೊತ್ತಿನಿಂದ ಮುಟ್ಟದ ಪುಟ’ವನ್ನೇ ಆರಿಸಿದರೆ ಅದು ಗೆಸ್ಟ್ ಆರಿಸಲಿರುವ ಪುಟಕ್ಕೇ ಢಿಕ್ಕಿ ಹೊಡೆಯುವ ಸಂಭವ ಹೆಚ್ಚು. ಅರೆಬರೆ ಅರಿವಿಗಿಂತ ಒಪ್ಪಿಕೊಂಡ ಅಜ್ಞಾನವೇ ಇಲ್ಲಿ ಕಡಿಮೆ ಅಪಾಯದ್ದು.

ಈ ಅಜ್ಞಾನದ ಬೆಲೆಯನ್ನು 2014ರಲ್ಲಿ ಅಮಿತ್, ತ್ಸಫ್ರಿರ್ ಮತ್ತು ಶುಸ್ಟರ್ ತಮ್ಮ ವಿಸ್ವಾಪರ್ ಅಧ್ಯಯನದಲ್ಲಿ ಬಿಡಿಸಿ ತೋರಿಸಿದರು. ಎರಡು ಉದಾಹರಣೆ ಹೇಳಿದರೆ ಸಾಕು. ಗೆಸ್ಟ್ ಒಂದು ಕಡತವನ್ನು ಓದಿಕೊಂಡಿದೆ, ತಿದ್ದಿಲ್ಲ. ಡಿಸ್ಕಿನಲ್ಲಿ ಅದೇ ಪ್ರತಿ ಇದೆ. ಇದು ತಿಳಿಯದ ಹೋಸ್ಟ್ ಆ ಪುಟವನ್ನು ಸ್ವಾಪ್‌ಗೆ ಮತ್ತೊಮ್ಮೆ ಬರೆಯುತ್ತದೆ, ಇದ್ದ ಪುಸ್ತಕವನ್ನೇ ಕೂತು ನಕಲು ಮಾಡಿದಂತೆ. ಇನ್ನೊಂದು: ಗೆಸ್ಟ್ ಒಂದು ಹಳೆಯ ಪುಟವನ್ನು ಪೂರ್ತಿ ಅಳಿಸಿ ಹೊಸದನ್ನು ಬರೆಯಲು ಹೊರಟಿದೆ. ಹೋಸ್ಟ್ ಅದಕ್ಕೆ ಮುಂಚೆ ಸ್ವಾಪ್‌ನಿಂದ ಹಳೆಯ ಬರಹವನ್ನು ಶ್ರದ್ಧೆಯಿಂದ ಓದಿ ತರುತ್ತದೆ, ಮರುಕ್ಷಣವೇ ಅದು ಅಳಿಸಿಹೋಗುತ್ತದೆ. ಈ ಎರಡು ಕೆಲಸಗಳೂ ನಡೆಯಲು ಇರುವ ಒಂದೇ ಕಾರಣ, ಪುಟದ ಮೇಲೇನಿದೆ ಎಂಬುದು ಅದನ್ನು ಸಾಗಿಸುವವನಿಗೆ ಗೊತ್ತಿಲ್ಲದಿರುವುದು.

7. ಪುಟ ವಿಲೀನ: ಅರಿವು ಸೋರಿದಾಗ

ಪುಟದ ಅರ್ಥ ತಿಳಿಯದಿದ್ದರೂ ಅದರ ಅಕ್ಷರಗಳನ್ನು ಹೋಸ್ಟ್ ಓದಬಲ್ಲದು. ಎರಡು ವಿಎಂಗಳಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಆಗಿರುವ ಪುಟಗಳಿದ್ದರೆ ಒಂದೇ ಪ್ರತಿ ಇಟ್ಟುಕೊಂಡು ಇಬ್ಬರಿಗೂ ಅದನ್ನೇ ತೋರಿಸಬಹುದು. ಯಾರಾದರೂ ಬರೆಯಲು ಹೋದಾಗ ಅವರಿಗೆ ಬೇರೆ ಪ್ರತಿ ಮಾಡಿಕೊಟ್ಟರಾಯಿತು. 2002ರ ಪ್ರಬಂಧ ನಿಜ ಬಳಕೆಯ ಮೂರು ಸರ್ವರ್‌ಗಳ ಅಂಕಿ ಕೊಟ್ಟಿದೆ. 10 ವಿಂಡೋಸ್ ಎನ್‌ಟಿ ವಿಎಂಗಳಿದ್ದಲ್ಲಿ ಶೇ. 32.9ರಷ್ಟು, 9 ಲಿನಕ್ಸ್ ವಿಎಂಗಳಿದ್ದಲ್ಲಿ ಶೇ. 18.7ರಷ್ಟು, 5 ಲಿನಕ್ಸ್ ವಿಎಂಗಳಿದ್ದಲ್ಲಿ ಶೇ. 7.2ರಷ್ಟು ಮೆಮೊರಿ ಮರಳಿ ಸಿಕ್ಕಿತು. ಲಿನಕ್ಸ್ ಕರ್ನಲ್‌ಗೆ ಇದೇ ಬಗೆಯ ಸೌಲಭ್ಯ ಕೆಎಸ್‌ಎಂ ಹೆಸರಿನಲ್ಲಿ 2009ರ 2.6.32 ಆವೃತ್ತಿಯಲ್ಲಿ ಬಂತು.

ಎರಡು ಕಾರಣಗಳಿಂದ ಇದರ ಭಾಗ್ಯ ಇಳಿಯಿತು. ಒಂದು, ಪುಟದ ಗಾತ್ರ. ವಿಳಾಸ ಅನುವಾದದ ಎರಡು ಹಂತಗಳನ್ನೂ ಹಾರ್ಡ್‌ವೇರ್ ನೋಡಿಕೊಳ್ಳುವ ಪ್ರೊಸೆಸರ್‌ಗಳಲ್ಲಿ ಒಂದು ವಿಳಾಸ ಹುಡುಕಲು ಗರಿಷ್ಠ 24 ಸಲ ಮೆಮೊರಿ ಮುಟ್ಟಬೇಕಾಗಬಹುದು, ವರ್ಚುವಲೈಸೇಶನ್ ಇಲ್ಲದಾಗ ಅದು 4. ಈ ಭಾರ ತಗ್ಗಿಸಲು 2 ಎಂಬಿಯ ದೊಡ್ಡ ಪುಟಗಳು ಬಳಕೆಗೆ ಬಂದವು. 4 ಕೆಬಿಯ ಎರಡು ಪುಟ ಒಂದೇ ಆಗಿರಬಹುದು. ಅಂಥ 512 ಪುಟಗಳ ಸಾಲು ಇನ್ನೊಂದು ಸಾಲಿಗೆ ಅಕ್ಷರಶಃ ಹೊಂದುವುದು ತೀರ ಅಪರೂಪ.

ಎರಡನೆಯ ಕಾರಣ ನಮ್ಮ ಪ್ರಶ್ನೆಗೆ ಹತ್ತಿರದ್ದು. ವಿಲೀನಗೊಂಡ ಪುಟಕ್ಕೆ ಬರೆಯುವಾಗ ಹೊಸ ಪ್ರತಿ ಆಗಬೇಕಾದ್ದರಿಂದ ತುಸು ತಡವಾಗುತ್ತದೆ. ಆ ತಡವನ್ನು ಅಳೆದ ವಿಎಂಗೆ ‘ನನ್ನ ನೆರೆಯವನಲ್ಲೂ ಇದೇ ಪುಟವಿದೆ’ ಎಂದು ಗೊತ್ತಾಗಿಬಿಡುತ್ತದೆ. ಹಂಚಿಕೊಂಡ ಪುಟಗಳ ಮೇಲೆ ಪ್ರೊಸೆಸರ್ ಕ್ಯಾಶ್‌ನ ಸಮಯ ಅಳೆದು ಗುಪ್ತ ಕೀಲಿ ಹೊರತೆಗೆಯುವ ದಾಳಿಗಳನ್ನು ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಆ ವರ್ಷದ ಕೊನೆಗೆ ವಿಎಂವೇರ್, ವಿಎಂಗಳ ನಡುವಿನ ಪುಟ ವಿಲೀನವನ್ನು ಇನ್ನು ಪೂರ್ವನಿಗದಿಯಾಗಿ ನಿಲ್ಲಿಸುವುದಾಗಿ ಘೋಷಿಸಿತು. 2016ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ‘ಫ್ಲಿಪ್ ಫೆಂಗ್ ಶೂಯಿ’ ಹೆಸರಿನ ದಾಳಿಯಲ್ಲಿ, ವಿಲೀನಗೊಂಡ ಪುಟದ ಒಂದು ಬಿಟ್ಟನ್ನೇ ಪಕ್ಕದ ಮೆಮೊರಿ ಸಾಲನ್ನು ಪದೇಪದೇ ಮುಟ್ಟುವ ರೋಹ್ಯಾಮರ್ ತಂತ್ರದಿಂದ ತಿರುಗಿಸಿ ನೆರೆಯ ವಿಎಂನ ಸಾರ್ವಜನಿಕ ಕೀಲಿಯನ್ನು ಕೆಡಿಸಿ ತೋರಿಸಿದರು. ಹೋಸ್ಟ್ ತನ್ನ ಅನುಕೂಲಕ್ಕೆ ಕಲೆಹಾಕಿದ ಅರಿವು ನೆರೆಯವನ ಕಿವಿಗೂ ಬಿದ್ದಿತ್ತು.

8. ಬಾಯಿಬಿಟ್ಟು ಹೇಳುವ ಗೆಸ್ಟ್

ಹೊರಗಿನಿಂದ ಊಹಿಸುವ ಬದಲು ನೇರವಾಗಿ ಕೇಳಿದರೆ? ಮೈಕ್ರೋಸಾಫ್ಟ್ 2011ರ ಫೆಬ್ರುವರಿಯಲ್ಲಿ ವಿಂಡೋಸ್ ಸರ್ವರ್ 2008 ಆರ್2 ಸರ್ವಿಸ್ ಪ್ಯಾಕ್ 1ರ ಜೊತೆ ತಂದ ಹೈಪರ್-ವಿ ಡೈನಾಮಿಕ್ ಮೆಮೊರಿ ಈ ದಾರಿಯದು. ಪ್ರೋಗ್ರಾಂಗಳಿಗೆ ಎಷ್ಟು ಮೆಮೊರಿಯ ಬದ್ಧತೆ ಕೊಟ್ಟಾಗಿದೆ ಎಂಬ ಲೆಕ್ಕವನ್ನು ಗೆಸ್ಟ್ ಒಳಗಿನ ಘಟಕವೇ ವರದಿ ಮಾಡುತ್ತದೆ, ಹೋಸ್ಟ್ ಅದರ ಮೇಲೆ ಶೇ. 20ರ ಪೂರ್ವನಿಗದಿತ ಬಫರ್ ಸೇರಿಸಿ ಕೊಡಲು ನೋಡುತ್ತದೆ. ಬೆಳೆಸುವುದು ಮೆಮೊರಿಯನ್ನು ಹೊಸದಾಗಿ ಜೋಡಿಸಿ, ಕುಗ್ಗಿಸುವುದು ಬಲೂನಿನಿಂದ.

ಐಬಿಎಂನ ಮೇನ್‌ಫ್ರೇಮ್ ಮೇಲಿನ ಲಿನಕ್ಸ್‌ಗಾಗಿ 2006ರಲ್ಲಿ ವಿವರಿಸಿದ ಸಹಕಾರಿ ವ್ಯವಸ್ಥೆ ಇನ್ನೂ ಮುಂದೆ ಹೋಗಿತ್ತು. ಅಲ್ಲಿ ಗೆಸ್ಟ್ ತನ್ನ ಪುಟಗಳ ಮೇಲೆ ಚೀಟಿ ಅಂಟಿಸುತ್ತದೆ: ಇದು ಬೇಕೇ ಬೇಕು, ಇದು ಬಳಕೆಯಲ್ಲಿಲ್ಲ, ಇದನ್ನು ಎಸೆದರೂ ಡಿಸ್ಕಿನಿಂದ ಮತ್ತೆ ತಂದುಕೊಳ್ಳಬಲ್ಲೆ. ಮೂರನೆಯ ಬಗೆಯದನ್ನು ಹೋಸ್ಟ್ ಬರೆದಿಡದೆ ಎಸೆಯಬಹುದು. ಗೆಸ್ಟ್ ಮುಟ್ಟಿದಾಗ ‘ಎಸೆದೆ’ ಎಂದು ತಿಳಿಸಿದರೆ ಸಾಕು. ಹೋಸ್ಟ್ ತಿಳಿಯದೆ ಕಡತದ ನಕಲು ಮಾಡುತ್ತಿದ್ದ ತೊಡಕು ಇಲ್ಲಿ ಏಳುವುದೇ ಇಲ್ಲ. ಸಾಮಾನ್ಯ ಸರ್ವರ್‌ಗಳಲ್ಲಿ ಇದರ ಸರಳ ರೂಪ 2020ರಲ್ಲಿ ಬಂತು. ಲಿನಕ್ಸ್ 5.7ರಿಂದ ಗೆಸ್ಟ್ ತನ್ನ ಖಾಲಿ ಪುಟಗಳನ್ನು ಯಾರೂ ಕೇಳದೆಯೇ ಹೋಸ್ಟ್‌ಗೆ ವರದಿ ಮಾಡಬಲ್ಲದು.

ಕೇಳುವ ದಾರಿಗೆ ಎರಡು ಮಿತಿಗಳಿವೆ. ಗೆಸ್ಟ್‌ಗೂ ಎಲ್ಲ ಗೊತ್ತಿರುವುದಿಲ್ಲ. ಜಾವಾ ವರ್ಚುವಲ್ ಮಷಿನ್ ತನ್ನ ಹೀಪ್‌ಗೆಂದು 8 ಜಿಬಿ ಹಿಡಿದಿದ್ದರೆ, ಅದರಲ್ಲಿ ಎಷ್ಟು ಕಸ, ಎಷ್ಟು ಕಾಳು ಎಂಬುದು ಗೆಸ್ಟ್ ಕರ್ನಲ್‌ಗೂ ಕಾಣದು. ಬಲೂನ್ ಒತ್ತಿದಾಗ ಕರ್ನಲ್ ಆ ಹೀಪಿನ ಪುಟಗಳನ್ನು ಸ್ವಾಪ್‌ಗೆ ಕಳಿಸುತ್ತದೆ, ಆಮೇಲೆ ಗಾರ್ಬೇಜ್ ಕಲೆಕ್ಟರ್ ಇಡೀ ಹೀಪ್ ಸುತ್ತುವಾಗ ಎಲ್ಲವನ್ನೂ ಮತ್ತೆ ಎಳೆದು ತರುತ್ತದೆ. ಹೋಸ್ಟ್ ಮತ್ತು ಗೆಸ್ಟ್ ನಡುವಿನ ಕುರುಡುತನವೇ ಗೆಸ್ಟ್ ಮತ್ತು ಜಾವಾ ನಡುವೆ ಮರುಕಳಿಸುತ್ತದೆ. ಅದಕ್ಕೇ ವಿಎಂವೇರ್ ಜಾವಾ ಹೀಪಿನೊಳಗೇ ಉಬ್ಬುವ ಬಲೂನನ್ನು ತಂದಿತು. 2013ರಲ್ಲಿ ಸಲೋಮಿ ಮತ್ತು ಸಂಗಡಿಗರು ಡೇಟಾಬೇಸ್‌ನೊಳಗೂ ಅಂಥದನ್ನು ಕಟ್ಟಿದರು.

ಎರಡನೆಯ ಮಿತಿ ಪ್ರಾಮಾಣಿಕತೆಯದು. ಎಲ್ಲ ವಿಎಂಗಳೂ ಒಂದೇ ಸಂಸ್ಥೆಯವಾದರೆ ಅವು ನಿಜ ಹೇಳುತ್ತವೆಂದು ನಂಬಬಹುದು. ಬಾಡಿಗೆದಾರರು ಬೇರೆಬೇರೆಯಾದ ಕ್ಲೌಡ್‌ನಲ್ಲಿ ‘ನನಗೆ ಇಷ್ಟು ಸಾಕು’ ಎಂದು ಹೇಳಿ ಕಳೆದುಕೊಳ್ಳುವವರು ಯಾರು? ಟೆಕ್ನಿಯಾನ್‌ನ ಸಂಶೋಧಕರು 2014ರಲ್ಲಿ ಮಂಡಿಸಿದ ಜಿನ್‌ಸೆಂಗ್ ವ್ಯವಸ್ಥೆ ಮೆಮೊರಿಯನ್ನು ಹರಾಜಿಗೆ ಇಟ್ಟಿತು. ಬಿಡ್ ಕೂಗುವಾಗ ಸುಳ್ಳು ಹೇಳಿದರೆ ನಷ್ಟ, ನಿಜ ಹೇಳಿದರೆ ಲಾಭ ಎಂಬಂತೆ ಹರಾಜಿನ ನಿಯಮ ಕಟ್ಟಲಾಗಿತ್ತು. ಬೀಳು ತೆರಿಗೆಯ ಲೆಕ್ಕದಲ್ಲಿ ಬೆಲೆ ಕಟ್ಟಿದ್ದು ಹೋಸ್ಟ್. ಇಲ್ಲಿ ಬೆಲೆ ಕಟ್ಟುವುದು ಗೆಸ್ಟ್.

9. ತೀರ್ಮಾನ

ಈಗ ತಂತ್ರಗಳನ್ನು ಸಾಲಾಗಿ ನಿಲ್ಲಿಸಬಹುದು. ಗೆಸ್ಟ್ ತಾನೇ ವರದಿ ಮಾಡಿದ ಖಾಲಿ ಪುಟ, ಬಲೂನಿನ ಮೂಲಕ ಗೆಸ್ಟ್ ಆರಿಸಿಕೊಟ್ಟ ಪುಟ, ಅಕ್ಷರ ಹೋಲಿಸಿ ಹೋಸ್ಟ್ ವಿಲೀನಗೊಳಿಸಿದ ಪುಟ, ಕೊನೆಗೆ ಹೋಸ್ಟ್ ಚೀಟಿ ಎತ್ತಿ ಸ್ವಾಪ್‌ಗೆ ಎಸೆದ ಪುಟ. ಹೋಸ್ಟ್ ಹಿಂಪಡೆಯುವ ಪುಟದ ಬಗ್ಗೆ ಆರಿಸುವವರ ಅರಿವು ಈ ಸಾಲಿನಲ್ಲಿ ಕೆಳಗಿಳಿಯುತ್ತಾ ಹೋಗುತ್ತದೆ, ಗೆಸ್ಟ್ ತೆರುವ ದಂಡ ಏರುತ್ತಾ ಹೋಗುತ್ತದೆ. ಪುಟ ವಿಲೀನದ ದಂಡ ಮಾತ್ರ ವೇಗದ ರೂಪದಲ್ಲಿ ಬರದೆ ಗೋಪ್ಯತೆಯ ರೂಪದಲ್ಲಿ ಬಂತು. 1970ರ ದಶಕದ ಹ್ಯಾಂಡ್‌ಶೇಕಿಂಗ್‌ನಿಂದ 2020ರ ಖಾಲಿ ಪುಟ ವರದಿಯವರೆಗಿನ ಬೆಳವಣಿಗೆಯನ್ನು ಗೆಸ್ಟ್‌ಗೂ ಹೋಸ್ಟ್‌ಗೂ ಮಾತು ಬೆಳೆದ ಚರಿತ್ರೆಯೆಂದು ಓದಬಹುದು.

ಈ ಓದಿಗೆ ಒಂದು ಪ್ರಾಯೋಗಿಕ ಫಲವಿದೆ. ತಮ್ಮ ಡೇಟಾಬೇಸ್ ವಿಎಂಅನ್ನು ಕಾಪಾಡಲೆಂದು ಅದರ ಬಲೂನ್ ಡ್ರೈವರ್ ನಿಲ್ಲಿಸುವ ಸರ್ವರ್ ನಿರ್ವಾಹಕರನ್ನು ನಾನು ಕಂಡಿದ್ದೇನೆ. ಬಲೂನ್ ಉಬ್ಬಿದಾಗ ವೇಗ ಕುಂದಿತು, ಆದ್ದರಿಂದ ಬಲೂನೇ ಕಳ್ಳ ಎಂಬುದು ಅವರ ತರ್ಕ. ವಿಎಂಅನ್ನು ನಿಜವಾಗಿ ಕಾಪಾಡುವ ಸಾಧನ ರಿಸರ್ವೇಶನ್: ಇಷ್ಟು ಮೆಮೊರಿಯನ್ನು ಯಾವ ಇಕ್ಕಟ್ಟಿನಲ್ಲೂ ಮುಟ್ಟಬಾರದು ಎಂದು ಮೊದಲೇ ಕಾದಿರಿಸುವುದು. ಅದಿಲ್ಲದೆ ಡ್ರೈವರ್ ಮಾತ್ರ ತೆಗೆದರೆ ಹೋಸ್ಟ್‌ನ ಇಕ್ಕಟ್ಟು ಅಲ್ಲೇ ಇರುತ್ತದೆ, ಕೇಳಲು ಇದ್ದ ಬಾಗಿಲು ಮುಚ್ಚಿರುತ್ತದೆ. ಆಮೇಲೆ ಹೋಸ್ಟ್ ಕೇಳದೆಯೇ ತೆಗೆದುಕೊಳ್ಳುತ್ತದೆ, ಅದೂ ಚೀಟಿ ಎತ್ತಿ.